ಅದು ಅವರಿಗೇ ಗೊತ್ತು

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಚರ್ಚಿನಲ್ಲಿ ಪೂಜೆ ಮುಗಿದು ಎಲ್ಲರೂ ಹೊರಗೆ ಹೋಗಿದ್ದರು. ನಾನು, ಒಂದು ಕಾಲಕ್ಕೆ ಗುಲಾಮಳಾಗಿದ್ದ ಸಂತ ಬಖಿತಾ ಅವರ ಪಟದ ಮುಂದಿದ್ದ ಮೇಣದಬತ್ತಿಗಳನ್ನು ಆರಿಸುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಆ ಹುಡುಗಿ ಕೂತಿದ್ದಳು. ತೊಡೆಯ ಮೇಲೆ ನಿದ್ದೆ ಹೋದ ಮಗು. ಮಗು ಅವಳದಲ್ಲ, ಅವಳು ಕೆಲಸಕ್ಕಿರುವ ಮನೆಯದು. ಸುಮ್ನೆ ಮಾತಾಡಿಸಿದೆ.

"ಊರಿಗೆ ಹೋಗಿ ಬಂದ್ಯಾ?"

"ಇಲ್ಲ ಅಕ್ಕಾ. ಸಾಲ ತೀರಬೇಕು."

"ಇನ್ನೂ ಎಷ್ಟಿದೆ?"

"ಅದು ಅವರಿಗೇ ಗೊತ್ತು."

ಅಳಲಿಲ್ಲ. ಯಾರನ್ನೂ ದೂರಲಿಲ್ಲ. ಗಂಟೆ ಎಷ್ಟು ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು. ಮಗುವಿನ ಜಾರಿದ ಕಾಲುಚೀಲವನ್ನು ಮೇಲಕ್ಕೆ ಎಳೆದಳು. ಅಷ್ಟರಲ್ಲಿ ಹೊರಗಿನಿಂದ ಕರೆದರು, ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು.

ಅರ್ಧ ಗಂಟೆ ಮೊದಲು ನಾನೇ ಮೈಕಿನ ಮುಂದೆ ನಿಂತಿದ್ದೆ. ಫೆಬ್ರುವರಿ 8 ಬಖಿತಾ ಅವರ ಹಬ್ಬ. 2015ರಿಂದ ಕಥೋಲಿಕ ಸಭೆ ಆ ದಿನ ಮಾನವ ಕಳ್ಳಸಾಗಣೆಗೆ ಸಿಕ್ಕಿದವರಿಗಾಗಿ ಪ್ರಾರ್ಥಿಸುತ್ತದೆ. ಅದಕ್ಕೇ ಅಂಕಿ ಅಂಶ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. 2021ರಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು ಅನ್ನುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಜೊತೆಗಾರ ಸಂಸ್ಥೆಗಳ ಅಂದಾಜು. ಅದರಲ್ಲಿ 2.76 ಕೋಟಿ ಬಲವಂತದ ದುಡಿಮೆ, ಉಳಿದದ್ದು ಬಲವಂತದ ಮದುವೆ. ಹತ್ತಿರ ಹತ್ತಿರ 150 ಜನರಲ್ಲಿ ಒಬ್ಬರು. ಆ ಸಾಲಿಗೆ ಬಂದಾಗ ಸ್ವಲ್ಪ ನಿಲ್ಲಿಸಿ, ಎಲ್ಲರ ಮುಖ ನೋಡಿ ಓದಿದ್ದೆ. ಕೊನೆಯ ಬೆಂಚನ್ನೂ ನೋಡಿರಬೇಕು. ನಮ್ಮ ಪೂಜೆಗೆ ಮುನ್ನೂರು ಜನ ಬರುತ್ತಾರೆ.

ಬಲವಂತದ ದುಡಿಮೆ ಗುರುತಿಸೋಕೆ ಅದೇ ಸಂಘಟನೆ 11 ಲಕ್ಷಣ ಕೊಟ್ಟಿದೆ. ಗುರುತಿನ ಕಾಗದ ಮಾಲೀಕರ ಹತ್ತಿರ ಇರುವುದು, ಸಂಬಳ ತಡೆಹಿಡಿಯುವುದು, ಒಬ್ಬರನ್ನೇ ಹೊರಗೆ ಬಿಡದಿರುವುದು, ಸಾಲದ ಬಲೆ. ಪಟ್ಟಿ ನನಗೆ ಬಾಯಿಪಾಠ. ಆದರೆ ಅವಳು ಆ ಮಾತು ಹೇಳಿದ ಕ್ಷಣ ನನಗೆ ಪಟ್ಟಿ ನೆನಪಾಗಲಿಲ್ಲ. "ಪಾಪ" ಅನ್ನಿಸಿತು, ಮೇಣದಬತ್ತಿ ಎತ್ತಿಟ್ಟೆ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಕೈ ನಿಂತುಬಿಟ್ಟಿತು. ಎಷ್ಟು ಉಳಿದಿದೆ ಅಂತ ಗೊತ್ತಿಲ್ಲದ ಸಾಲ ತೀರುವುದಾದರೂ ಹೇಗೆ? ತೀರಿತು ಅಂತ ಹೇಳಬೇಕಾದವರೂ ಅವರೇ ಅಲ್ವಾ?

ಆ ಮನೆಯವರ ಬಗ್ಗೆಯೂ ಹೇಳಬೇಕು. ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾಗ ರಾತ್ರಿಯೆಲ್ಲ ಬಂದು ಕೂತವರು ಆ ಮನೆಯ ಯಜಮಾನಿ. ಕರೆಯದಿದ್ದರೂ ಬಂದರು. ಅವರನ್ನು ಕೆಟ್ಟವರು ಅನ್ನೋಕೆ ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ನಿದ್ದೆ ಕೆಡಿಸಿದ್ದೂ ಅದೇ. ಸಾಲದ ಜೀತಕ್ಕೆ ಕ್ರೂರಿಗಳೇ ಬೇಕಾಗಿಲ್ಲ. ಲೆಕ್ಕ ಕೊಡಬೇಕು ಅಂತ ಅನ್ನಿಸದೇ ಇದ್ದರೆ ಸಾಕು.

ಸೋಮವಾರ ಪಾಲನಾ ಸಮಿತಿಯ ಹಿರಿಯರೊಬ್ಬರ ಹತ್ತಿರ, ಯಾರ ಹೆಸರೂ ಎತ್ತದೆ, ಹೀಗೊಂದು ವಿಷಯ ಇದೆ ಅಂದೆ. "ಸಾಲ ಕೊಟ್ಟಿರ್ತಾರೆ, ದುಡಿದು ತೀರಿಸ್ಲಿ ಬಿಡಮ್ಮ. ಇಂಥ ಹುಡುಗೀರನ್ನ ಮನೆ ಮಗಳ ಹಾಗೆ ನೋಡ್ಕೊಳ್ತಾರೆ" ಅಂದರು. ಮನೆ ಮಗಳ ಗುರುತಿನ ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಾ? ಮನೆ ಮಗಳು ಕೊನೆಯ ಬೆಂಚಿನಲ್ಲಿ, ಅವರು ಮೂರನೇ ಬೆಂಚಿನಲ್ಲಿ ಕೂರುತ್ತಾರಾ? ಇದನ್ನೆಲ್ಲ ಆ ಹಿರಿಯರಿಗೆ ಹೇಳಲಿಲ್ಲ, ಹೇಳಬೇಕಿತ್ತು. ಅವರು ಒಳ್ಳೆಯ ಮನುಷ್ಯ. ಜಗಳ ಅಂದರೆ ಭಯ ಅಷ್ಟೆ. ಆ ಭಯಕ್ಕೆ ಸಮಾಧಾನ ಅಂತ ಹೆಸರಿಟ್ಟುಕೊಂಡಿದ್ದಾರೆ.

ಅವತ್ತು ರಾತ್ರಿ ಬಖಿತಾ ಅವರ ಕಥೆಯನ್ನು ಮತ್ತೆ ತೆಗೆದು ಓದಿದೆ. ನಾವು ಅವರ ಬಗ್ಗೆ ಹೇಳುವಾಗ ಕ್ಷಮೆಯನ್ನೇ ಹೇಳುತ್ತೇವೆ. ಸುಡಾನಿನಲ್ಲಿ ಎಳವೆಯಲ್ಲೇ ಕದ್ದೊಯ್ಯಲ್ಪಟ್ಟು, ಕೈಯಿಂದ ಕೈಗೆ ಮಾರಾಟವಾಗಿ, ತನ್ನ ಹೆಸರನ್ನೇ ಮರೆತ ಹುಡುಗಿ. ಬಖಿತಾ ಅಂದರೆ ಅದೃಷ್ಟವಂತೆ. ಕದ್ದವರು ಇಟ್ಟ ಹೆಸರು ಅದು. ಆಮೇಲೆ ಇಟಲಿಗೆ ಬಂದದ್ದು, ಒಂದು ಮನೆಯ ಮಗುವನ್ನು ಆಡಿಸುವ ದಾದಿಯಾಗಿ. ಈ ಮಾತು ಎಷ್ಟು ಸಲ ಓದಿದ್ದೆನೋ, ಈ ಸಲ ಪುಸ್ತಕ ಮಡಚಿ ಕೂತೆ. ಇವಳ ತೊಡೆಯ ಮೇಲೂ ಮಗುವೇ.

ಮನೆಯೊಡತಿ ಆಕೆಯನ್ನೂ ಮಗುವನ್ನೂ ವೆನಿಸ್‌ನ ಕನೋಸಾ ಸಿಸ್ಟರ್‌ಗಳ ಮಠದಲ್ಲಿ ಬಿಟ್ಟು ಹೋಗಿದ್ದಳು. ವಾಪಸ್ ಕರೆದೊಯ್ಯಲು ಬಂದಾಗ ಬಖಿತಾ ಬರುವುದಿಲ್ಲ ಅಂದರು. ಆಗ ಮಠದ ಮುಖ್ಯಸ್ಥೆ "ಮಗಳೇ, ಪ್ರಾರ್ಥಿಸುತ್ತೇವೆ" ಅಂತ ಹೇಳಿ ಕಳಿಸಿಕೊಡಲಿಲ್ಲ. ಸರ್ಕಾರಿ ಅಧಿಕಾರಿಗಳಿಗೆ ದೂರು ಕೊಟ್ಟರು. ಕೋರ್ಟಿಗೆ ಹೋಯಿತು. ಇಟಲಿಯ ಕಾನೂನು ಗುಲಾಮಗಿರಿಯನ್ನು ಒಪ್ಪಿಯೇ ಇಲ್ಲ, ಈಕೆ ಸ್ವತಂತ್ರಳು ಅಂತ 1889ರ ನವೆಂಬರ್ 29ರಂದು ತೀರ್ಪಾಯಿತು. ದೀಕ್ಷಾಸ್ನಾನ ಆದದ್ದು ಅದಾದ ಮೇಲೆ, 1890ರ ಜನವರಿಯಲ್ಲಿ. ಮೊದಲು ಬಿಡುಗಡೆ, ಆಮೇಲೆ ಸ್ನಾನ. ಈ ಕ್ರಮವನ್ನು ನಾವು ಪ್ರಸಂಗದಲ್ಲಿ ಯಾಕೆ ಹೇಳುವುದಿಲ್ಲ?

ಸಾಲದ ವಿಷಯಕ್ಕೆ ಬಂದರೆ ಬೈಬಲಿನಲ್ಲಿ ಸಂತ ಪೌಲ ಫಿಲೆಮೋನ ಅನ್ನುವ ಯಜಮಾನನಿಗೆ ಬರೆದ ಪುಟ್ಟ ಪತ್ರವೇ ಇದೆ. ನಿನ್ನ ಮನೆಯಿಂದ ಓಡಿಬಂದ ದಾಸ ಒನೇಸಿಮನನ್ನು ದಾಸನ ಹಾಗಲ್ಲ, ಪ್ರಿಯ ಸಹೋದರನ ಹಾಗೆ ಸೇರಿಸಿಕೋ ಅನ್ನುವ ಸಾಲನ್ನು ಎಲ್ಲರೂ ಎತ್ತಿ ಆಡುತ್ತಾರೆ. ನನ್ನ ಕಣ್ಣು ಈ ವಾರ ನಿಂತದ್ದು ಅದರ ಕೆಳಗಿನ ಸಾಲಿನಲ್ಲಿ. ಅವನು ನಿನಗೆ ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಬರೆ, ನಾನೇ ತೀರಿಸುತ್ತೇನೆ, ಇದನ್ನು ನನ್ನ ಕೈಯಾರೆ ಬರೆದಿದ್ದೇನೆ ಅನ್ನುತ್ತಾನೆ ಪೌಲ. ಸೆರೆಮನೆಯಲ್ಲಿ ಕೂತವನು ಲೆಕ್ಕದ ಮಾತಾಡುತ್ತಾನೆ. ಪ್ರೀತಿಯ ಮಾತಾಡಿ ಲೆಕ್ಕವನ್ನು ಹಾಗೇ ಬಿಡಲಿಲ್ಲ.

ನಮ್ಮ ಕ್ರೈಸ್ತರು ಲೆಕ್ಕವನ್ನು ಹಾಗೇ ಬಿಟ್ಟದ್ದೇ ಜಾಸ್ತಿ. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತು. ಕೊಟ್ಟದ್ದು ಮಾಲೀಕರಿಗೆ. ಬೆನ್ನು ಬಗ್ಗಿಸಿ ದುಡಿದವರಿಗೆ ಒಂದು ಕಾಸೂ ಇಲ್ಲ. ಬಾರ್ಬಡೋಸ್‌ನ ಕಾಡ್ರಿಂಗ್ಟನ್ ಕಬ್ಬಿನ ತೋಟಗಳು ಆಂಗ್ಲಿಕನ್ ಮಿಷನ್ ಸಂಘದ ಕೈಯಲ್ಲಿದ್ದವು, ಆ ಸಂಘಕ್ಕೂ ಪರಿಹಾರ ಬಂತು. ಧರ್ಮೋಪದೇಶಕಾಂಡದ 15ನೇ ಅಧ್ಯಾಯ ಎಲ್ಲರ ಬೈಬಲಿನಲ್ಲೂ ಇತ್ತು. ದಾಸನನ್ನು ಬಿಡುವಾಗ ಬರಿಗೈಯಲ್ಲಿ ಕಳಿಸಬೇಡ, ಹಿಂಡಿನಿಂದಲೂ ಕಣದಿಂದಲೂ ಧಾರಾಳವಾಗಿ ಕೊಡು ಅಂತ ಅಲ್ಲಿ ಬಿಡಿಸಿ ಬರೆದಿದೆ. ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅಂತ ಯಾಕೋಬ ತನ್ನ ಪತ್ರದಲ್ಲಿ ಬೇರೆ ಬರೆದಿದ್ದಾನೆ.

ಮಂಗಳವಾರ ಇಂಥವರಿಗೆ ನೆರವಾಗುವ ಕೆಲಸದಲ್ಲೇ ಇರುವ ಸಿಸ್ಟರ್ ಒಬ್ಬರಿಗೆ ಫೋನ್ ಮಾಡಿದೆ. "ಹದಿನೆಂಟು ದಾಟಿದೆಯಾ?" ಅಂತ ಮೊದಲು ಕೇಳಿದರು. ದಾಟಿರದಿದ್ದರೆ ಒಂದು ಗಂಟೆಯೂ ಕಾಯುವ ಹಾಗಿಲ್ಲವಂತೆ. ಆಮೇಲೆ, "ಆ ಮನೆಗೆ ಹೋಗಿ ಕೇಳೋದು ಬೇಡ" ಅಂದರು. ಸುಳಿವು ಸಿಕ್ಕರೆ ರಾತ್ರೋರಾತ್ರಿ ಹುಡುಗಿಯನ್ನು ಬೇರೆ ಕಡೆ ಸಾಗಿಸಿಬಿಡಬಹುದು. "ಏನೂ ಮಾತು ಕೊಡಬೇಡಿ. ಅವಳಿಗೆ ಏನು ಬೇಕು ಅಂತ ಕೇಳೋಣ." ನನಗೆ ಸೀದಾ ಹೋಗಿ ಬಾಗಿಲು ಬಡಿಯಬೇಕು ಅನ್ನಿಸಿತ್ತು. ಆ ಸಿಟ್ಟಿನಿಂದ ಅವಳಿಗೇ ಪೆಟ್ಟು ಬೀಳುತ್ತಿತ್ತು. (ಇಲ್ಲಿ ದಿನ, ಜಾಗ, ಗುರುತುಗಳನ್ನು ಬದಲಿಸಿದ್ದೇನೆ. ಸಿಸ್ಟರ್‌ಗೆ ತೋರಿಸಿಯೇ ಬರೆಯುತ್ತಿದ್ದೇನೆ.)

ಬುಧವಾರ ಮಕ್ಕಳ ಹಾಡಿನ ಅಭ್ಯಾಸಕ್ಕೆ ಅವಳು ಮಗುವನ್ನು ಕರೆತಂದಳು. ಸಿಕ್ಕಿದ್ದು ಮುಕ್ಕಾಲು ಗಂಟೆ. ಸಿಸ್ಟರ್ ಸಾಲದ ಮಾತೇ ಎತ್ತಲಿಲ್ಲ. "ಬಂದು ಎಷ್ಟು ದಿನ ಆಯ್ತಮ್ಮಾ?" ಅಂದರು. ಅವಳಿಗೆ ವರ್ಷ ನೆನಪಿಲ್ಲ. "ಮಗೂಗೆ ಮೂರು ತಿಂಗಳಿತ್ತು. ಕುತ್ತಿಗೆ ನಿಂತಿರಲಿಲ್ಲ" ಅಂದಳು. ಹಲ್ಲು ಬಂದದ್ದು, ನಡೆದದ್ದು, ಸ್ಕೂಲಿಗೆ ಸೇರಿಸಿದ್ದು, ಎಲ್ಲ ಬೆರಳು ಮಡಚಿ ಹೇಳಿದಳು. ಅವಳ ಕ್ಯಾಲೆಂಡರೇ ಆ ಮಗು. ಸಿಸ್ಟರ್ ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಹೋದರು. ಕೊನೆಗೆ ಕೂಡಿಸಿ ಅವಳ ಕಡೆ ತಿರುಗಿಸಿದರು. 52 ತಿಂಗಳು. ಕೈಗೆ ಸಂಬಳ ಬಂದ ತಿಂಗಳು ಒಂದೂ ಇಲ್ಲ.

ಆ ಅಂಕಿಯ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದಳು. "ಇಷ್ಟೊಂದಾ?" ಅಂದಳು. ಒಳಗೆ ಹಾಡು ನಿಂತಿತು, ಮಕ್ಕಳ ಗಲಾಟೆ ಕೇಳಿಸಿತು. ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ಕೈಯಲ್ಲಿಟ್ಟಳು.

"ನನ್ನ ಹತ್ರ ಬೇಡ ಅಕ್ಕಾ. ನೀವು ಇಟ್ಕೊಂಡಿರಿ. ಆದ್ರೆ ಬಿಸಾಕ್ಬೇಡಿ."

ಚೀಟಿ ನನ್ನ ಬ್ಯಾಗಿನಲ್ಲಿದೆ. ಶನಿವಾರ ಸಿಸ್ಟರ್ ಜೊತೆ ವಕೀಲರನ್ನು ಕಾಣಬೇಕು.