ಒಂದು ಚಿಟಿಕೆ ಬೂದಿ

ಆ ವರ್ಷದ ಮೊದಲ ಜೀವಶಾಸ್ತ್ರ ಪ್ರಾಕ್ಟಿಕಲ್‌ಗೆ ನಾವು ಮೈಕ್ರೋಸ್ಕೋಪ್ ನೋಡುವ ಆಸೆಯಿಂದ ಹೋಗಿದ್ದೆವು. ಮೇಜಿನ ಮೇಲೆ ಇದ್ದದ್ದು ಎರಡು ಶುಗರ್ ಕ್ಯೂಬ್, ಒಂದು ಇಕ್ಕಳ, ಒಂದು ಬೆಂಕಿಪೊಟ್ಟಣ. ಪಕ್ಕದಲ್ಲಿ ಒಂದು ಡಬ್ಬಿ ಮುಚ್ಚಳ, ಅದರಲ್ಲಿ ಒಂದು ಚಿಟಿಕೆ ಬೂದಿ.

ಮೇಡಂ ಮೊದಲ ತುಂಡನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರು. ಸಕ್ಕರೆಯ ಅಂಚು ಕರಗಿತು, ಕಂದಾಯಿತು, ಕಪ್ಪಾಗಿ ತೊಟ್ಟಿಕ್ಕಿತು. ಹೊತ್ತಿಕೊಳ್ಳಲಿಲ್ಲ. ಎರಡನೇ ತುಂಡಿನ ಒಂದು ಮೂಲೆಗೆ ಬೂದಿ ಸವರಿದರು. ಮತ್ತೆ ಕಡ್ಡಿ ಗೀರಿದರು. ಈ ಸಲ ಮೂಲೆಯಲ್ಲಿ ಸಣ್ಣ ಜ್ವಾಲೆ ಎದ್ದಿತು. ಕಡ್ಡಿ ತೆಗೆದ ಮೇಲೂ ಅದು ಆರಲಿಲ್ಲ, ತನ್ನಷ್ಟಕ್ಕೆ ಉರಿಯುತ್ತಾ ಹೋಯಿತು.

"ಬೂದಿ ಅಂದರೆ ಆಗಲೇ ಉರಿದು ಮುಗಿದದ್ದು. ಅದು ಇನ್ನು ಉರಿಯೋದಿಲ್ಲ. ಆದರೂ ಸಕ್ಕರೆಗೆ ದಾರಿ ಮಾಡಿಕೊಟ್ಟಿತು, ನೋಡಿದ್ರಾ?" ಅಂದರು ಮೇಡಂ. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮ ಮೈಯೊಳಗೂ ಈಗ ಸಕ್ಕರೆ ಉರೀತಾ ಇದೆ. ಬರೀ 37 ಡಿಗ್ರಿಯಲ್ಲಿ. ಕಡ್ಡಿ ಗೀರೋರಿಲ್ಲ, ಹೊಗೆ ಇಲ್ಲ. ಅಲ್ಲಿ ಬೂದಿ ಸವರೋರು ಯಾರು? ವರ್ಷದ ಕೊನೆಗೆ ನೀವೇ ನನಗೆ ಹೇಳಬೇಕು" ಅಂದರು.

ಉತ್ತರವನ್ನು ಅವರು ಒಮ್ಮೆಗೇ ಹೇಳಲಿಲ್ಲ. ಇಡೀ ವರ್ಷ ತುಂಡು ತುಂಡಾಗಿ ನಮ್ಮ ಕೈಗೇ ಸಿಗುವ ಹಾಗೆ ಮಾಡಿದರು. ಅದಕ್ಕೇ ಇಷ್ಟು ವರ್ಷದ ಮೇಲೂ ಅದು ನನಗೆ ಮರೆತಿಲ್ಲ.

ಮೊದಲು ಸಕ್ಕರೆ ಎಲ್ಲಿಂದ ಬಂತು ಅನ್ನೋದು. ಎಲೆಯ ಪ್ರಯೋಗ ನೀವೂ ಮಾಡಿರುತ್ತೀರಿ. ಕುಂಡದ ಗಿಡವನ್ನು ಎರಡು ದಿನ ಕತ್ತಲಲ್ಲಿ ಇಡಬೇಕು. ಆಮೇಲೆ ಒಂದು ಎಲೆಗೆ ಅಡ್ಡಲಾಗಿ ಕಪ್ಪು ಕಾಗದದ ಪಟ್ಟಿ ಕಟ್ಟಿ ಬಿಸಿಲಿಗೆ ಇಡಬೇಕು. ಕೆಲವು ಗಂಟೆ ಕಳೆದ ಮೇಲೆ ಎಲೆ ಕಿತ್ತು, ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಹಸಿರು ಬಿಡಿಸಿ, ಅಯೋಡಿನ್ ಹಾಕಬೇಕು. ಬಿಸಿಲು ಬಿದ್ದ ಜಾಗ ಕಡು ನೀಲಿ ಆಗುತ್ತದೆ, ಪಟ್ಟಿ ಇದ್ದ ಜಾಗ ಆಗುವುದಿಲ್ಲ. ಅಲ್ಲಿ ಪಿಷ್ಟ ಇಲ್ಲ ಅಂತ ಅರ್ಥ.

ನಮ್ಮ ಗುಂಪಿನ ಎಲೆ ಪೂರ್ತಿ ನೀಲಿ ಆಯಿತು. ಪಟ್ಟಿ ಕಟ್ಟಿದ ಜಾಗವೂ ಬಿಡಲಿಲ್ಲ.

ಗಿಡವನ್ನು ಬೀರುವಿನಲ್ಲಿ ಇಡುವ ಕೆಲಸ ನನ್ನದಾಗಿತ್ತು. ನಾನು ಮರೆತಿದ್ದೆ. ಎರಡು ದಿನವೂ ಅದು ಕಿಟಕಿಯಲ್ಲೇ ಇತ್ತು. ಹೇಳದೆ ಸುಮ್ನೆ ಪಕ್ಕದ ಗುಂಪಿನ ಫಲಿತಾಂಶ ಬರೆದುಬಿಡೋಣ ಅಂತ ಒಬ್ಬ ಗೆಳತಿ ಪಿಸುಗುಟ್ಟಿದಳು. ಅಷ್ಟರಲ್ಲಿ ಮೇಡಂ ನಮ್ಮ ಮೇಜಿಗೆ ಬಂದೇ ಬಿಟ್ಟರು. ನಾನು ಹೆದರಿಕೊಂಡೇ ನಿಜ ಹೇಳಿದೆ. ಅವರು ಎಲೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಪಟ್ಟಿಯ ಕೆಳಗೆ ಬೆಳಕು ಬಿದ್ದಿಲ್ಲ. ಹಾಗಾದರೆ ಈ ಪಿಷ್ಟ ಯಾವತ್ತಿನದು?" ಅಂತ ಕೇಳಿದರು.

"ಹಿಂದಿನ ದಿನದ್ದು" ಅಂದೆ.

"ಸರಿ. ಕತ್ತಲಲ್ಲಿ ಇಟ್ಟಿದ್ದರೆ ಅದು ಎಲ್ಲಿಗೆ ಹೋಗ್ತಿತ್ತು?"

ಆ ಪ್ರಶ್ನೆ ನಮ್ಮ ಪಠ್ಯದಲ್ಲಿ ಇರಲಿಲ್ಲ. ಮರುದಿನ ನಾವು ಅದೇ ಗಿಡದ ಒಂದು ಎಲೆಯನ್ನು ಸಂಜೆ ಕಿತ್ತೆವು, ಇನ್ನೊಂದನ್ನು ಅದರ ಮರುದಿನ ಬೆಳಕು ಹರಿಯುವ ಮುಂಚೆ. ಎರಡಕ್ಕೂ ಅಯೋಡಿನ್ ಹಾಕಿ ಪಕ್ಕ ಪಕ್ಕ ಇಟ್ಟೆವು. ಸಂಜೆಯ ಎಲೆ ಕಪ್ಪಿಗೆ ತಿರುಗಿತ್ತು. ಬೆಳಗಿನ ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ಮಸುಕು ಕಲೆ, ಅಷ್ಟೇ. ಹಗಲು ಕೂಡಿಟ್ಟದ್ದನ್ನು ಗಿಡ ರಾತ್ರಿ ಖರ್ಚು ಮಾಡಿತ್ತು.

ಮೇಡಂ ಆ ದಿನ ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ. ಎಲೆ ಮಾಡಿದ ಸಕ್ಕರೆಯಲ್ಲಿ ಒಂದಷ್ಟು ಅಲ್ಲೇ ಪಿಷ್ಟವಾಗಿ ಕೂರುತ್ತದೆ. ಪಿಷ್ಟ ನೀರಲ್ಲಿ ಕರಗುವುದಿಲ್ಲ, ಹಾಗಾಗಿ ನೀರನ್ನು ಎಳೆದುಕೊಂಡು ಜೀವಕೋಶವನ್ನು ಉಬ್ಬಿಸುವುದಿಲ್ಲ. ಕೂಡಿಡಲು ಅದು ವಾಸಿ. ಆದರೆ ಕರಗದ್ದು ಪ್ರಯಾಣ ಮಾಡಲಾರದು. ಬೇರಿಗೆ, ಚಿಗುರಿಗೆ, ಕಾಯಿಗೆ ಕಳಿಸಬೇಕಾದರೆ ಗಿಡ ಅದನ್ನು ಬಿಡಿಸಿ ಸುಕ್ರೋಸ್ ಮಾಡಿ ರಸನಾಳದಲ್ಲಿ ಹರಿಬಿಡುತ್ತದೆ. ಆ ಸುಕ್ರೋಸೇ ನಾವು ಬೆಂಕಿ ಇಟ್ಟ ಶುಗರ್ ಕ್ಯೂಬ್.

ತುಂಬಾ ವರ್ಷದ ಮೇಲೆ ಇದರ ಮುಂದಿನ ಭಾಗ ಓದಿದೆ. ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರ್‌ನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ್ದು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡ ತನ್ನ ಪಿಷ್ಟವನ್ನು ರಾತ್ರಿಯಿಡೀ ಒಂದೇ ಸಮನೆ ಕರಗಿಸುತ್ತದೆ. ಬೆಳಗಾಗುವ ಹೊತ್ತಿಗೆ ಅದು ಹೆಚ್ಚುಕಡಿಮೆ ಖಾಲಿ. ದೀಪ ಆರಿಸಿ ಬೇಗ ಕತ್ತಲು ಮಾಡಿದರೆ? ಗಿಡ ಖರ್ಚಿನ ವೇಗ ಇಳಿಸುತ್ತದೆ. ಆಗಲೂ ಬೆಳಗಿನವರೆಗೆ ಸಾಲುತ್ತದೆ. ಇರುವ ಪಿಷ್ಟವನ್ನು ಬೆಳಗಾಗಲು ಉಳಿದ ಹೊತ್ತಿನಿಂದ ಭಾಗಿಸಿದ ಹಾಗೆ ಅಂತ ಅವರು ಬರೆದಿದ್ದರು. ಅದನ್ನು ಓದಿದಾಗ ನನಗೆ ಆ ಎರಡು ಎಲೆ ಕಣ್ಣಮುಂದೆ ಬಂದವು. ಮೇಡಂಗೆ ಹೇಳಬೇಕು ಅನ್ನಿಸಿತು. ಅವರು ಆಗ ಇರಲಿಲ್ಲ.

ಸಕ್ಕರೆ ಹುಟ್ಟುವ ರಾಸಾಯನಿಕ ಕ್ರಿಯೆಯನ್ನು ಅವರು ಬೋರ್ಡಿನ ಮೇಲೆ ಬೇಗ ಬೇಗ ದಾಟಿಸಿದರು. ಆರು ಇಂಗಾಲದ ಡೈಆಕ್ಸೈಡ್, ಆರು ನೀರು, ಬೆಳಕು. ಕೊನೆಗೆ ಒಂದು ಗ್ಲೂಕೋಸ್, ಆರು ಆಮ್ಲಜನಕ. ಒಂದು ಮಾತನ್ನು ಮಾತ್ರ ಎರಡೆರಡು ಸಲ ಹೇಳಿದರು. ನಾವು ಉಸಿರಾಡುವ ಆಮ್ಲಜನಕ ನೀರು ಒಡೆದು ಬಂದದ್ದು, ಇಂಗಾಲದ ಡೈಆಕ್ಸೈಡ್‌ನಿಂದ ಅಲ್ಲ. ಭಾರವಾದ ಆಮ್ಲಜನಕ ಬೆರೆಸಿದ ನೀರು ಕೊಟ್ಟು ರೂಬೆನ್ ಮತ್ತು ಕೇಮನ್ 1941ರಲ್ಲಿ ಅದನ್ನು ತೋರಿಸಿದರು. ಉಳಿದ ಕಥೆ ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್ ಅವರದು. ಪಾಚಿಗೆ ವಿಕಿರಣಶೀಲ ಇಂಗಾಲ ಕೊಟ್ಟು, ಕೆಲವೇ ಸೆಕೆಂಡಿನಲ್ಲಿ ಬಿಸಿ ಆಲ್ಕೋಹಾಲ್‌ಗೆ ಬೀಳಿಸಿ, ಅಷ್ಟರಲ್ಲಿ ಇಂಗಾಲ ಯಾವ ಅಣುವಿಗೆ ಸೇರಿದೆ ಅಂತ ಹುಡುಕುತ್ತಿದ್ದರು. ಹೀಗೆ ಒಂದೊಂದೇ ಹೆಜ್ಜೆ. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು. ಅದು ಸರಿಯಲ್ಲ ಅಂತ ಮೇಡಂ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಬೂದಿಯ ಉತ್ತರದ ಮೊದಲ ತುಂಡು ಸಿಕ್ಕಿದ್ದು ಜೊಲ್ಲಿನಲ್ಲಿ. ಪ್ರನಾಳದಲ್ಲಿ ಪಿಷ್ಟದ ನೀರು, ಅದಕ್ಕೆ ಸ್ವಲ್ಪ ಜೊಲ್ಲು. ಪ್ರನಾಳವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದೆವು. ಬಿಳಿ ಹೆಂಚಿನ ಮೇಲೆ ಅಯೋಡಿನ್ ಹನಿಗಳ ಸಾಲು. ಪ್ರತಿ ನಿಮಿಷ ಒಂದು ಹನಿಗೆ ಪ್ರನಾಳದ ಒಂದು ತೊಟ್ಟು. ಮೊದಲನೆಯದು ಕಡು ನೀಲಿ. ಆಮೇಲೆ ನೇರಳೆ, ಆಮೇಲೆ ಕಂದು. ಕೊನೆಗೆ ಅಯೋಡಿನ್ ತನ್ನ ಬಣ್ಣದಲ್ಲೇ ಉಳಿಯಿತು. ಪಿಷ್ಟ ಮಾಲ್ಟೋಸ್ ಸಕ್ಕರೆ ಆಗಿತ್ತು. ಇನ್ನೊಂದು ಪ್ರನಾಳಕ್ಕೆ ಕುದಿಸಿದ ಜೊಲ್ಲು ಹಾಕಿದ್ದೆವು. ಆ ಸಾಲು ಕೊನೆವರೆಗೂ ನೀಲಿಯೇ.

ಬೂದಿ ಸವರುವವರ ಹೆಸರು ಅವತ್ತು ಗೊತ್ತಾಯಿತು. ಕಿಣ್ವ. ಅದು ಕೆಲಸ ಮಾಡಿಸುತ್ತದೆ, ತಾನು ಖರ್ಚಾಗುವುದಿಲ್ಲ. ಆದರೆ ಬೂದಿಯ ಹಾಗಲ್ಲ, ಕುದಿಸಿದರೆ ಕೆಡುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸವನ್ನು ಮೇಡಂ ಅದೇ ದಿನ ತೋರಿಸಿದರು. ಅದೇ ಜೊಲ್ಲನ್ನು ಹತ್ತಿಯ ಎಳೆಗಳ ಮೇಲೆ ಹಾಕಿದೆವು. ಮರುದಿನ ನೋಡಿದರೂ ಹತ್ತಿ ಹತ್ತಿಯಾಗಿಯೇ ಇತ್ತು. ಹತ್ತಿ ಸೆಲ್ಯುಲೋಸ್. ಅದೂ ಗ್ಲೂಕೋಸ್ ಸರಪಳಿಯೇ, ಪಿಷ್ಟದ ಹಾಗೆ. ಕೊಂಡಿ ಜೋಡಿಸಿರುವ ರೀತಿ ಮಾತ್ರ ಬೇರೆ. ಆ ಕೊಂಡಿ ಬಿಚ್ಚುವ ಕಿಣ್ವ ನಮ್ಮಲ್ಲಿ ಇಲ್ಲ. ಹಸುವಿನಲ್ಲೂ ಇಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ಇದೆ. ಒಂದೊಂದು ಗಂಟಿಗೂ ಅದನ್ನು ಬಿಚ್ಚುವ ಕೈ ಬೇರೆಯೇ ಇರಬೇಕು.

ಯೀಸ್ಟ್ ಪ್ರಯೋಗದಲ್ಲಿ ಬಾಟಲಿ ಬಾಯಿಗೆ ಕಟ್ಟಿದ ಬಲೂನು ಊದಿಕೊಂಡಾಗ ಮೇಡಂ ಎಡುವರ್ಡ್ ಬುಕ್ನರ್ ಕಥೆ ಹೇಳಿದರು. ಸಕ್ಕರೆ ಹುದುಗಬೇಕಾದರೆ ಜೀವಂತ ಯೀಸ್ಟೇ ಬೇಕು ಅಂತ ಎಲ್ಲರೂ ನಂಬಿದ್ದ ಕಾಲ. ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು ರಸ ಹಿಂಡಿದರು. ರಸ ಕೆಡದಿರಲಿ ಅಂತ ಸಕ್ಕರೆ ಬೆರೆಸಿದರು. ರಸದಿಂದ ಗುಳ್ಳೆ ಏಳತೊಡಗಿತು. ಒಂದು ಜೀವಕೋಶವೂ ಇಲ್ಲ, ಆದರೂ ಸಕ್ಕರೆ ಆಲ್ಕೋಹಾಲ್ ಆಗುತ್ತಿತ್ತು. ಇದು 1897ರಲ್ಲಿ. 1907ರಲ್ಲಿ ಅವರಿಗೆ ನೊಬೆಲ್ ಬಂತು. ಆ ಗುಳ್ಳೆಗಳನ್ನು ನೋಡಿದಾಗ ಅವರಿಗೆ ಹೇಗಾಗಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆಮೇಲಿನ ವಾರಗಳು ಕಷ್ಟದವು. ಗ್ಲೈಕಾಲಿಸಿಸ್ ಅಂದರೆ ಗ್ಲೂಕೋಸನ್ನು ಅರ್ಧ ಮಾಡುವ ಹತ್ತು ಹೆಜ್ಜೆ, ಹತ್ತು ಕಿಣ್ವ. ಬಾಯಿಪಾಠ ಮಾಡಬೇಡಿ, ಲೆಕ್ಕ ಬರೆಯಿರಿ ಅಂದರು ಮೇಡಂ. ಎಟಿಪಿ ಅಂದರೆ ಜೀವಕೋಶ ಶಕ್ತಿಯನ್ನು ಹಿಡಿದಿಟ್ಟು ಖರ್ಚು ಮಾಡುವ ಅಣು. ಮೊದಲು ಕೈಯಿಂದ ಎರಡು ಎಟಿಪಿ ಹಾಕಬೇಕು. ಕೊನೆಗೆ ನಾಲ್ಕು ಸಿಗುತ್ತದೆ. ಉಳಿಕೆ ಎರಡು. ಯೀಸ್ಟ್ ಗಾಳಿ ಇಲ್ಲದಾಗ ಈ ಎರಡರಲ್ಲೇ ಬದುಕುತ್ತದೆ, ಅದಕ್ಕೇ ಅದಕ್ಕೆ ಅಷ್ಟು ಸಕ್ಕರೆ ಬೇಕು. ಗಾಳಿ ಸಿಕ್ಕರೆ ಅರ್ಧ ಆದ ತುಂಡುಗಳು ಜೀವಕೋಶದೊಳಗಿನ ಶಕ್ತಿಯ ಒಲೆಯಾದ ಮೈಟೋಕಾಂಡ್ರಿಯಾಕ್ಕೆ ಹೋಗುತ್ತವೆ, ಕ್ರೆಬ್ಸ್ ಚಕ್ರದಲ್ಲಿ ಸುತ್ತುತ್ತವೆ, ಇಂಗಾಲವೆಲ್ಲ ನಮ್ಮ ಉಸಿರಿಗೆ ಸೇರುತ್ತದೆ. ಕೊನೆಯ ಲೆಕ್ಕದಲ್ಲಿ ಒಂದು ಗ್ಲೂಕೋಸ್‌ಗೆ ಸುಮಾರು 30 ಎಟಿಪಿ. ಹಾನ್ಸ್ ಕ್ರೆಬ್ಸ್ ಈ ಚಕ್ರದ ಬಗ್ಗೆ 1937ರಲ್ಲಿ ಬರೆದು ಕಳಿಸಿದ ಪತ್ರವನ್ನು ಒಂದು ದೊಡ್ಡ ಪತ್ರಿಕೆ ಜಾಗ ಇಲ್ಲ ಅಂತ ತೆಗೆದುಕೊಳ್ಳಲಿಲ್ಲ. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರಿಗೆಲ್ಲ ಮೇಡಂ ಈ ಕಥೆ ಹೇಳುತ್ತಿದ್ದರು.

ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಒಬ್ಬರು. ಹಾರ್ವರ್ಡ್‌ನಲ್ಲಿ ಫಿಸ್ಕೆ ಜೊತೆ ಅವರು, ಜರ್ಮನಿಯಲ್ಲಿ ಕಾರ್ಲ್ ಲೋಮನ್, ಬೇರೆ ಬೇರೆಯಾಗಿಯೇ ಅದನ್ನು ಸ್ನಾಯುವಿನಲ್ಲಿ ಕಂಡರು. ಸುಬ್ಬರಾವ್ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದರು ಮೇಡಂ.

ನಾನು 400 ಮೀಟರ್ ಓಡುತ್ತಿದ್ದೆ. ಕೊನೆಯ ತಿರುವಿನಲ್ಲಿ ತೊಡೆ ಕಲ್ಲಾಗುತ್ತಿತ್ತು. ಲ್ಯಾಕ್ಟಿಕ್ ಆಸಿಡ್ ಅನ್ನೋ ವಿಷ ಕೂಡಿಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಮೇಡಂ ಒಪ್ಪಲಿಲ್ಲ. ಆಮ್ಲಜನಕ ಸಾಲದಷ್ಟು ಜೋರಾಗಿ ಓಡುವಾಗ ಸ್ನಾಯು ಆ ಹತ್ತು ಹೆಜ್ಜೆಗಳ ಮೇಲೇ ಜಾಸ್ತಿ ನಿಲ್ಲುತ್ತದೆ, ಆಗ ಲ್ಯಾಕ್ಟೇಟ್ ಆಗುತ್ತದೆ. ಅದು ಕಸ ಅಲ್ಲ. ರಕ್ತದಲ್ಲಿ ಲಿವರ್‌ಗೆ ಹೋಗಿ ಮತ್ತೆ ಗ್ಲೂಕೋಸ್ ಆಗುತ್ತದೆ. ಹೃದಯ ಅದನ್ನೇ ಉರುವಲಾಗಿ ಬಳಸುತ್ತದೆ. ಲಿವರ್‌ನ ಈ ಸುತ್ತನ್ನು ತೋರಿಸಿದವರು ಗೆರ್ಟಿ ಕೋರಿ ಮತ್ತು ಅವರ ಗಂಡ ಕಾರ್ಲ್ ಕೋರಿ. 1947ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು ಗೆರ್ಟಿ. ಅದನ್ನು ತಿಳಿದ ಮೇಲೂ ನನ್ನ ತೊಡೆ ನೋಯುವುದು ತಪ್ಪಲಿಲ್ಲ. ಆದರೆ ಓಟ ಮುಗಿಸಿ ನೆಲದ ಮೇಲೆ ಕೂತು ಏದುಸಿರು ಬಿಡುವಾಗ, ಒಳಗೆ ಲಿವರ್ ಸಕ್ಕರೆ ಕಟ್ಟುತ್ತಿದೆ ಅಂತ ನೆನೆಸಿಕೊಳ್ಳುವುದು ಚೆನ್ನಾಗಿರುತ್ತಿತ್ತು.

ವರ್ಷದ ಕೊನೆಯ ಕ್ಲಾಸಿನಲ್ಲಿ ಅವರು ಮತ್ತೆ ಆ ಬೂದಿಯ ಮುಚ್ಚಳ ತಂದಿಟ್ಟರು. ಉತ್ತರ ಯಾರು ಹೇಳುತ್ತೀರಿ ಅಂದರು. ನಾನು ಎದ್ದು ನಿಂತೆ. ಮೈಯಲ್ಲಿ ಸಕ್ಕರೆ ಒಮ್ಮೆಗೇ ಉರಿಯುವುದಿಲ್ಲ, ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತದೆ, ಪ್ರತಿ ಗಂಟಿಗೂ ಒಂದು ಕಿಣ್ವ, ಪ್ರತಿ ಸಲ ಬಿಡುವ ಶಕ್ತಿ ಸ್ವಲ್ಪವೇ ಆದ್ದರಿಂದ ಅದನ್ನು ಎಟಿಪಿಯಲ್ಲಿ ಹಿಡಿದಿಡಬಹುದು, ಹಿಡಿಯಲಾಗದ್ದೇ ಮೈಯ ಬಿಸಿ. ಇಷ್ಟು ಹೇಳಿದೆ. "ಕೂತ್ಕೋಮ್ಮ" ಅಂದರು. ಹೊಗಳಲಿಲ್ಲ. ಮುಖದಲ್ಲಿ ನಗು ಇತ್ತು.

ಈಗ ನಾನು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ಬೆಳಗ್ಗೆ ಬರುವ ಮೊದಲ ಸ್ಯಾಂಪಲ್‌ಗಳೇ ಫಾಸ್ಟಿಂಗ್ ಶುಗರ್. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಅಷ್ಟರಲ್ಲೂ ಇರುವ ಗ್ಲೂಕೋಸ್ ಒಂದು ಸಣ್ಣ ಚಮಚದಷ್ಟು, ಹತ್ತಿರ ಹತ್ತಿರ ಐದು ಗ್ರಾಂ. ಮಿದುಳಿಗೇ ದಿನಕ್ಕೆ 120 ಗ್ರಾಂ ಬೇಕು. ಅಂದರೆ ಆ ಚಮಚ ಹಗಲೂ ರಾತ್ರಿ ಖಾಲಿ ಆಗುತ್ತಾ, ತುಂಬುತ್ತಾ ಇರಬೇಕು. ರಾತ್ರಿ ಅದನ್ನು ತುಂಬುವುದು ಲಿವರ್. ಅಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟದ್ದು ಇರುತ್ತದೆ, ನಮ್ಮ ಕಿಟಕಿಯ ಗಿಡದ ಪಿಷ್ಟದ ಹಾಗೇ. ಇನ್ಸುಲಿನ್ ಕೆಲಸ ತಪ್ಪಿದವರ ರಿಪೋರ್ಟಿನಲ್ಲಿ ಈ ಲೆಕ್ಕ ಏರುಪೇರಾಗಿರುವುದು ದಿನವೂ ಕಾಣುತ್ತದೆ. ಪ್ರತಿ ಸಂಖ್ಯೆಯ ಹಿಂದೆ ಒಬ್ಬರು ಕಾಯುತ್ತಾ ಕೂತಿರುತ್ತಾರೆ. ಅದಕ್ಕೇ ನಾನು ಯಾವ ಸ್ಯಾಂಪಲ್ಲನ್ನೂ ಮೇಜಿನ ಮೇಲೆ ಸುಮ್ನೆ ಬಿಡುವುದಿಲ್ಲ.

ಬಿಟ್ಟರೆ ಏನಾಗುತ್ತದೆ ಗೊತ್ತಾ? ಟ್ಯೂಬಿಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ. ಕೆಂಪು ರಕ್ತಕಣಕ್ಕೆ ಮೈಟೋಕಾಂಡ್ರಿಯಾ ಇಲ್ಲ. ಅದರ ಹತ್ತಿರ ಇರುವುದು ಆ ಹತ್ತು ಹೆಜ್ಜೆ ಮಾತ್ರ, ಅದನ್ನೇ ಮಾಡುತ್ತಾ ಟ್ಯೂಬಿನ ಸಕ್ಕರೆಯನ್ನು ತಿನ್ನುತ್ತಾ ಹೋಗುತ್ತದೆ. ಗಂಟೆಗೆ ಸುಮಾರು ನೂರಕ್ಕೆ ಐದರಿಂದ ಏಳರಷ್ಟು. ಅದನ್ನು ತಡೆಯಲು ಶುಗರ್ ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಹಾಕಿರುತ್ತಾರೆ. ಅದು ಒಂಬತ್ತನೇ ಹೆಜ್ಜೆಯ ಕಿಣ್ವ ಎನೊಲೇಸ್ ಅನ್ನು ಕಟ್ಟಿಹಾಕುತ್ತದೆ. ಮುಂಚಿನ ಹೆಜ್ಜೆಗಳು ನಿಲ್ಲಲು ಇನ್ನೂ ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಸಕ್ಕರೆ ಸ್ವಲ್ಪ ಇಳಿದಿರುತ್ತದೆ. ಹಾಗಾಗಿ ಸ್ಯಾಂಪಲ್ ಬಂದ ಕೂಡಲೇ ಸೆಂಟ್ರಿಫ್ಯೂಜ್‌ಗೆ ಹಾಕಿ ಕಣಗಳನ್ನು ಬೇರೆ ಮಾಡುತ್ತೇನೆ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು, "ಅಕ್ಕಾ, ಶುಗರ್‌ಗೆ ಮಾತ್ರ ಯಾಕೆ ಬೇರೆ ಟ್ಯೂಬ್?" ಆ ಟ್ಯೂಬಿನ ಮುಚ್ಚಳ ಬೂದು ಬಣ್ಣದ್ದು. ಮೇಡಂ ಸವರಿದ ಬೂದಿ ಸಕ್ಕರೆಯನ್ನು ಹೊತ್ತಿಸಿತ್ತು, ಈ ಬೂದು ಮುಚ್ಚಳದ ಟ್ಯೂಬು ಅದು ಉರಿಯುವುದನ್ನು ನಿಲ್ಲಿಸುತ್ತದೆ. ಉತ್ತರ ನಾನು ಹೇಳಲಿಲ್ಲ. ಒಬ್ಬರ ರಕ್ತವನ್ನು ಬೂದು ಮುಚ್ಚಳದ ಒಂದು ಟ್ಯೂಬಿಗೂ, ಏನೂ ಹಾಕದ ಇನ್ನೊಂದು ಟ್ಯೂಬಿಗೂ ತೆಗೆದು ಸ್ಟ್ಯಾಂಡಿನಲ್ಲಿ ನಿಲ್ಲಿಸಲು ಹೇಳಿದೆ. ರಕ್ತ ನನ್ನದೇ. ನಾಲ್ಕು ಗಂಟೆ ಬಿಟ್ಟು ಎರಡರಲ್ಲೂ ಶುಗರ್ ನೋಡು, ಆಮೇಲೆ ನನ್ನ ಹತ್ತಿರ ಬಾ ಅಂದೆ.