ಅಂಗೈ ಅಗಲದ ಮೋಟರು

10 ಆಗಸ್ಟ್ 2025, ಭಾನುವಾರ
ಮಂಡ್ಯ

ಬೆಳಿಗ್ಗೆ ಆರೂವರೆಗೆ ಬೈಕ್ ತೆಗೆದೆ. ಬ್ಯಾಗಿನಲ್ಲಿ ಮಲ್ಟಿಮೀಟರ್, ಕ್ರಿಂಪಿಂಗ್ ಇಕ್ಕಳ, ಬ್ಯಾಟರಿ ಡ್ರಿಲ್ಲು, ಒಂದು ಟ್ಯೂಬ್ ಸೀಲಂಟ್. ಮೇಲುಗಡೆ ಟವೆಲ್‌ನಲ್ಲಿ ಸುತ್ತಿದ ಹೊಸ ಪಂಪು. ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. 22 ವರ್ಷದಿಂದ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. 5 ಎಚ್‌ಪಿ, ಏಳೂವರೆ, 10 ಎಚ್‌ಪಿ ಎಲ್ಲ ಬಿಚ್ಚಿ ಕಟ್ಟಿದ್ದೇನೆ. ಒಂದೇ ಕೈಯಲ್ಲಿ ಎತ್ತುವ ಮೋಟರಿಗೆ ಇಷ್ಟು ದೂರ ಹೋಗಿದ್ದು ಇದೇ ಮೊದಲು.

ದೋಣಿ ಭಾಮೈದನದು. 16 ಅಡಿ ಫೈಬರ್ ದೋಣಿ, ಮಂಗಳೂರು ಕಡೆಯಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಲಾರಿ ಮೇಲೆ ಹಾಕಿಸಿಕೊಂಡು ಬಂದದ್ದು. ಅವನ ಊರು ಕೆ.ಆರ್.ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ ಕಡೆ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರುವ ಜಾಗದ ಹತ್ತಿರ. ಈ ವರ್ಷ ಕನ್ನಂಬಾಡಿ ಜೂನ್ ಕೊನೆಗೇ 124.80 ಅಡಿ ತುಂಬಿಬಿಟ್ಟಿತಲ್ಲ, ಹಿನ್ನೀರು ಹೊಲದ ಬದುವಿನವರೆಗೂ ಬಂದು ನಿಂತಿದೆ. ದೋಣಿಯನ್ನು ಒಂದು ಹೊಂಗೆ ಮರಕ್ಕೆ ಕಟ್ಟಿದ್ದಾನೆ.

ಹೋದ ಭಾನುವಾರ ಫೋನ್ ಮಾಡಿದ್ದ. "ಭಾವ, ದೋಣಿ ಕುಂಡಿ ಕೂತ್ಕಂಡದೆ. ಬಿಲ್ಜು ಪಂಪು ಓಡ್ತಿಲ್ಲ." ಪಕ್ಕದಲ್ಲಿದ್ದ ನಮ್ಮ ಅತ್ತೆ "ಯಾವ ಬಿಲ್ಲೂ, ಕರೆಂಟ್ ಬಿಲ್ಲಾ?" ಅಂದದ್ದೂ ಫೋನಿನಲ್ಲಿ ಕೇಳಿಸಿತು. ದೋಣಿಯ ತಳದಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗವೇ ಬಿಲ್ಜು. ಮಳೆ ನೀರು, ಅಲೆ ಎರಚಿದ ನೀರು, ಬಲೆಯಿಂದ ಸೋರಿದ ನೀರು ಎಲ್ಲ ಬಂದು ಅಲ್ಲಿ ನಿಲ್ಲುತ್ತದೆ. ಅದನ್ನು ಎತ್ತಿ ಹೊರಗೆ ಹಾಕೋಕೆ 12 ವೋಲ್ಟಿನ ಪುಟ್ಟ ಪಂಪು. ಪಕ್ಕದಲ್ಲಿ ಒಂದು ಫ್ಲೋಟ್ ಸ್ವಿಚ್. ನೀರು ಏರಿದರೆ ಫ್ಲೋಟ್ ಏಳುತ್ತದೆ, ಪಂಪು ಓಡುತ್ತದೆ. ಟೆರೇಸ್ ಟ್ಯಾಂಕಿಗೆ ಹಾಕುತ್ತೀವಲ್ಲ, ಅದೇ ಲೆಕ್ಕ, ಉಲ್ಟಾ.

ಅವತ್ತೇ ಹೋಗಿ ನೋಡಿದ್ದೆ. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ.

ಮೊದಲು ನೀರು ತೋಡಿದೆವು. ಅರ್ಧಕ್ಕೆ ಕತ್ತರಿಸಿದ ಎಣ್ಣೆ ಕ್ಯಾನು, ಇಬ್ಬರು, ಮುಕ್ಕಾಲು ಗಂಟೆ. ಮೇಲೆ ಆಯಿಲ್ ತೇಲುತ್ತಿದ್ದ ನೀರನ್ನು ಬೇರೆ ಕ್ಯಾನಿಗೆ ಹಾಕಿ ದಡಕ್ಕೆ ಸಾಗಿಸಿದೆವು. ಕುಡಿಯುವ ನೀರು ಅದು, ನದಿಗೆ ಚೆಲ್ಲೋಕೆ ಮನಸ್ಸು ಬರಲಿಲ್ಲ. ಆಮೇಲೆ ಪಂಪಿನ ಕೆಳಗಿನ ಜಾಲರಿ ಬಿಚ್ಚಿದೆ. ಒಳಗಿನ ಫ್ಯಾನಿಗೆ ಗಾಳದ ನೈಲಾನ್ ದಾರ ಸುತ್ತಿಕೊಂಡು ಬುಗುರಿ ಥರ ಆಗಿತ್ತು. ಬ್ಲೇಡಿನಲ್ಲಿ ಕೊಯ್ದು ತೆಗೆದೆ. ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರೆ ಮಿಸುಕಲಿಲ್ಲ.

ದಾರ ಸುತ್ತಿಕೊಂಡ ಮಾತ್ರಕ್ಕೆ ಪಂಪು ಸಾಯಬಾರದು. ಫ್ಯೂಸ್ ಹೋಗಬೇಕು, ಅಷ್ಟೆ. ಜಾಮ್ ಆದ ಮೋಟರು ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಫ್ಯೂಸ್ ಇರುವುದೇ ಅದಕ್ಕೆ. ಬ್ಯಾಟರಿ ಪೆಟ್ಟಿಗೆ ತೆಗೆದು ಫ್ಯೂಸ್ ಹೋಲ್ಡರ್ ಬಿಚ್ಚಿದೆ. ಒಳಗೆ ಫ್ಯೂಸ್ ಇರಲಿಲ್ಲ. ತಾಮ್ರದ ಎಳೆಗಳನ್ನು ಹೊಸೆದು ಸಿಕ್ಕಿಸಿದ್ದರು.

"ಇದನ್ನ ಯಾರು ಹಾಕಿದ್ದು?"

"ಮಂಗಳೂರಿಂದ ಬರೋವಾಗ್ಲೇ ಹಂಗೇ ಇತ್ತು ಭಾವ."

ಎಳೆ ಹೊಸಾ ಕಾಸಿನ ಥರ ಹೊಳೆಯುತ್ತಿತ್ತು. ಉಪ್ಪುನೀರಿನಲ್ಲಿ ಓಡಾಡಿದ ದೋಣಿಯ ತಾಮ್ರ ಹಾಗೆ ಹೊಳೆಯುವುದಿಲ್ಲ. ಪಂಪಿನ ಹತ್ತಿರದ ಜಾಯಿಂಟ್ ನೋಡಿ, ಇನ್ಸುಲೇಷನ್ ಟೇಪ್ ಬಿಚ್ಚಿದರೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಅದು ಮಂಗಳೂರಿನದು. ಇದಲ್ಲ. ನಾನು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟ. "ಎರಡು ಸಲ ಫ್ಯೂಸ್ ಹೋಯ್ತು ಭಾವ. ಮೂರನೇ ಸಲಕ್ಕೆ ಮನೇಲಿ ಇರ್ಲಿಲ್ಲ. ನಿಮ್ಮಂಗ್ಡಿ ಬೋರ್ಡಲ್ಲೂ ತಾಮ್ರಾನೇ ಅಲ್ವಾ ಇರೋದು?"

ನಾನು ಮುದ್ದೆ ಮುರಿದು ಉಪ್ಸಾರಿಗೆ ಅದ್ದಿಕೊಂಡೆ. ಅಂಗಡಿಗೆ ಬರುವ ರೈತರಿಗೆ ದಿನಾ ಹೇಳುವ ಮಾತು, ಫ್ಯೂಸಿಗೆ ತಂತಿ ಸುತ್ತಬೇಡಿ, ಮೋಟರ್ ಸುಡುತ್ತೆ ಅಂತ. ಬೋರ್ಡ್ ನನ್ನ ಬೆನ್ನ ಹಿಂದೆಯೇ ಇರುತ್ತದೆ, ಅವರ ಕಣ್ಣಿಗೆ ಎದುರಿಗೆ.

ಕಿಲುಬು ಹಿಡಿದ ಜಾಯಿಂಟ್‌ದು ಇನ್ನೊಂದು ಕಥೆ. ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತದೆ. ವೈರ್ ಸರಿಯಾಗಿದೆ ಅಂತ ಭಾಮೈದ ಖುಷಿಯಾದ. ಬೈಕಿನ 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಹಚ್ಚಿದೆ. ಬೀಡಿ ತುದಿಯಷ್ಟು ಕೆಂಪಗೆ ಉರಿಯಿತು. ಆಗ ಮೀಟರ್ ನೋಡಿದರೆ 5 ವೋಲ್ಟಿಗೆ ಇಳಿದಿದೆ. ಲೋಡ್ ಇಲ್ಲದಾಗ ಎಂಥ ಕೊಳೆತ ವೈರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಸುಮ್ನೆ ಕೂತವನು ಎಷ್ಟು ಮೂಟೆ ಬೇಕಾದರೂ ಹೊರ್ತೀನಿ ಅಂತಾನೆ, ಹೆಗಲ ಮೇಲೆ ಇಟ್ಟಾಗ ತಾನೇ ಗೊತ್ತಾಗೋದು.

ಹಳೇ ಪಂಪನ್ನು ಸೋಮವಾರ ಅಂಗಡಿಯಲ್ಲಿ ಹ್ಯಾಕ್ಸಾ ಹಾಕಿ ಕೊಯ್ದೆ. ಬಿಚ್ಚೋಕೆ ಅದರಲ್ಲಿ ಸ್ಕ್ರೂ ಎಲ್ಲಿದೆ? ಪೂರಾ ಸೀಲ್ ಮಾಡಿರುತ್ತಾರೆ. ವೈಂಡಿಂಗ್ ಸುಟ್ಟ ವಾಸನೆ ಅಂಗಡಿ ತುಂಬಾ ಹರಡಿತು. ಆ ವಾಸನೆ ನನ್ನ ಮೂಗಿಗೆ ಕಾಫಿ ವಾಸನೆಯಷ್ಟೇ ಪರಿಚಯ. ಪುನಃ ಕಟ್ಟುವ ಮಾತೇ ಇಲ್ಲ. ಅವತ್ತೇ ಆನ್‌ಲೈನ್‌ನಲ್ಲಿ ಹೊಸದು, ಹೊಸ ಫ್ಲೋಟ್ ಸ್ವಿಚ್ ಎರಡೂ ಆರ್ಡರ್ ಮಾಡಿದೆ. ಶುಕ್ರವಾರ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ ನಡೆಯುವಾಗ ಡೆಲಿವರಿ ಹುಡುಗ ಬಂದ.

ಹಳೇದು ಗಂಟೆಗೆ 500 ಗ್ಯಾಲನ್ನಿನದು. ಅಂದರೆ ಸುಮಾರು 1900 ಲೀಟರ್. ನಾನು ತರಿಸಿದ್ದು 1100 ಗ್ಯಾಲನ್, ಅಂದರೆ 4100 ಲೀಟರ್ ಮೇಲೆ. ದುಡ್ಡಿನಲ್ಲಿ ಅಂಥಾ ವ್ಯತ್ಯಾಸ ಇರಲಿಲ್ಲ, ದೊಡ್ಡದೇ ಇರಲಿ ಅಂದುಕೊಂಡೆ. ಬಾಕ್ಸ್ ತೆಗೆದ ಮೇಲೆ ಎಡವಟ್ಟು ಗೊತ್ತಾಯಿತು. ಹಳೇ ಪೈಪು ಮುಕ್ಕಾಲು ಇಂಚು. ಹೊಸ ಪಂಪಿನ ಬಾಯಿ ಒಂದು ಇಂಚಿಗಿಂತ ಜಾಸ್ತಿ, 28 ಮಿ.ಮೀ. ರೆಡ್ಯೂಸರ್ ಹಾಕಿ ಹಳೇ ಪೈಪಿಗೇ ಕೂರಿಸಬಹುದು. ಆದರೆ ಎರಡೂವರೆ ಇಂಚಿನ ಬೋರ್ ಮೋಟರಿಗೆ ಒಂದು ಇಂಚಿನ ಪೈಪ್ ಹಾಕಿದವರನ್ನು ಕಂಡು ನಕ್ಕವನು ನಾನು. ಹಾಗಾಗಿ ಹೊಸ ಪೈಪು, ಹೊಸ ಔಟ್‌ಲೆಟ್. ಅಂದರೆ ದೋಣಿಯ ತೂತು ದೊಡ್ಡದು ಮಾಡಬೇಕು.

ಇವತ್ತು ಹೋಗಿ ಈ ಮಾತು ಹೇಳಿದಾಗ ಭಾಮೈದನ ಮುಖ ನೋಡಬೇಕಿತ್ತು.

ದಡದಲ್ಲಿ ಒಬ್ಬರು ತಾತ ಇರುತ್ತಾರೆ. ಹರಿಗೋಲು ಹಾಕುತ್ತಿದ್ದವರು, ಈಗ ಕೂತು ನೋಡುವುದೇ ಕೆಲಸ. ಅವರು ಬೀಡಿ ಆರಿಸಿ ಹತ್ತಿರ ಬಂದರು. "ನೀರು ಆಚೆ ಹೋಗ್ಲಿ ಅಂತ ದೋಣಿಗೆ ತೂತ ಕೊರೀತಾವ್ರೆ, ನೋಡ್ರಪ್ಪ."

ಇರುವ ತೂತನ್ನೇ ದೊಡ್ಡದು ಮಾಡೋದು ಹೊಸ ತೂತು ಕೊರೆಯುವುದಕ್ಕಿಂತ ಕಷ್ಟ. ಹೋಲ್‌ಸಾ ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ. ಅದರ ನಡುವಿನ ಸಣ್ಣ ಬಿಟ್‌ಗೆ ಹಿಡಿದುಕೊಳ್ಳೋಕೆ ಏನೂ ಇರುವುದಿಲ್ಲ, ಗರಗಸ ಕುಣಿದು ಸುತ್ತಲೂ ಗೀಚಿಹಾಕುತ್ತದೆ. ಅದಕ್ಕೆ ಮನೆಯಲ್ಲೇ ಒಂದು ಮರದ ಬೆಣೆ ಕೆತ್ತಿಕೊಂಡು ಹೋಗಿದ್ದೆ. ಹಳೇ ತೂತಿಗೆ ಬಿಗಿಯಾಗಿ ಹೊಡೆದು ಕೂರಿಸಿ, ಅದರ ನಡುಮಧ್ಯಕ್ಕೆ ಬಿಟ್ ಇಟ್ಟೆ. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಮೇಲಿನ ಬಿಳಿ ಪದರ ಸವೆಸಿದೆ, ಹಾಗೆ ಮಾಡಿದರೆ ಅಂಚು ಸಿಡಿಯುವುದಿಲ್ಲ. ಆಮೇಲೆ ನೇರ. ಒಂದೂವರೆ ಇಂಚಿನ ಬಿಲ್ಲೆ ಬೆಣೆ ಸಮೇತ ಹೊರಗೆ ಬಿತ್ತು. ಫೈಬರ್ ಪುಡಿ ಹಾರದಂತೆ ಭಾಮೈದ ಒದ್ದೆ ಬಟ್ಟೆ ಹಿಡಿದಿದ್ದ, ಮಾಸ್ಕ್ ಇಬ್ಬರೂ ಹಾಕಿದ್ದೆವು. ಆದರೂ ಈಗ ಬರೆಯುವಾಗ ಮೊಣಕೈ ಒಳಗೆ ನವೆ.

ಕೊರೆಯುವ ಮುಂಚೆ ಒಂದು ಕೆಲಸ ಮಾಡಿದ್ದೆ. ದೋಣಿಯ ಹಿಂಭಾಗದಲ್ಲಿ ಮೂರು ಜನರನ್ನು ನಿಲ್ಲಿಸಿ, ಹೊರಗೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಪೆನ್ಸಿಲ್ಲಿನಲ್ಲಿ ಗೀಟು ಹಾಕಿದೆ. ಔಟ್‌ಲೆಟ್ ಆ ಗೀಟಿಗಿಂತ ಒಂದು ಗೇಣು ಮೇಲಿದೆ, ಸಾಕು. ಅದು ನೀರೊಳಗೆ ಮುಳುಗಿದರೆ ಪಂಪು ನಿಂತ ಮೇಲೆ ಹೊರಗಿನ ನೀರು ಅದೇ ಪೈಪಿನಲ್ಲಿ ವಾಪಸ್ ಒಳಗೆ ಬರುತ್ತದೆ. ನೀರು ಹೊರಗೆ ಹಾಕೋಕೆ ಇಟ್ಟ ಪಂಪೇ ದೋಣಿ ಮುಳುಗಿಸಿದ ಹಾಗಾಗುತ್ತದೆ.

"ಒಂದು ಫುಟ್‌ವಾಲ್ವ್ ಹಾಕ್ಬಿಡಿ ಭಾವ, ನೀರು ವಾಪಸ್ ಬರಲ್ಲ." ಅವನು ಹೇಳಿದ್ದು ತಪ್ಪೇನಿಲ್ಲ, ಬಾವಿ ಪಂಪ್‌ಸೆಟ್ ನೋಡಿ ಬೆಳೆದವನು. ಆದರೆ ಈ ಪುಟ್ಟ ಪಂಪಿಗೆ ವಾಲ್ವ್ ತಳ್ಳಿ ತೆಗೆಯುವ ಶಕ್ತಿ ಕಡಿಮೆ. ಒಂದು ಎಲೆ ಚೂರು ಸಿಕ್ಕಿಕೊಂಡರೂ ಅಂಟಿ ಕೂರುತ್ತದೆ. ಬೇಡ ಅಂದೆ.

ವೈರಿಂಗಿಗೆ ಜಾಸ್ತಿ ಹೊತ್ತು ಹಿಡಿಯಿತು. ಹಳೇ ಫ್ಲೋಟ್‌ಗೆ ಕರೆಂಟ್ ಮೇನ್ ಸ್ವಿಚ್ ದಾಟಿ ಬರುತ್ತಿತ್ತು. ಇವನೋ ಬ್ಯಾಟರಿ ಉಳಿಯಲಿ ಅಂತ ಮೇನ್ ಆಫ್ ಮಾಡಿ ಮನೆಗೆ ಹೋಗುವವನು. ರಾತ್ರಿ ಮಳೆ ಬಂದರೆ ಫ್ಲೋಟ್ ಎದ್ದು ಏನು ಮಾಡಬೇಕು ಪಾಪ? ಈಗ ಬ್ಯಾಟರಿಯಿಂದ ನೇರ ಫ್ಯೂಸು, ಫ್ಯೂಸಿನಿಂದ ನೇರ ಫ್ಲೋಟ್. ಕೈಯಿಂದ ಓಡಿಸೋಕೆ ಬೇರೆ ಸ್ವಿಚ್. ಪಂಪಿನ ಕಂದು ವೈರು ಪ್ಲಸ್, ಕಪ್ಪು ಮೈನಸ್. ಅದಲುಬದಲಾದರೂ ಓಡುತ್ತದೆ, ಆದರೆ ಉಲ್ಟಾ ತಿರುಗಿ ನೀರು ಸಣ್ಣಗೆ ಬರುತ್ತದೆ, ಮೂರು ಫೇಸ್ ಮೋಟರಿನಲ್ಲಿ ಎರಡು ವೈರು ಬದಲಾದ ಹಾಗೆ. ಜಾಯಿಂಟ್‌ಗಳನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಟ್ಯೂಬ್ ತೂರಿಸಿ, ಲೈಟರ್‌ನಿಂದ ಕಾಯಿಸಿದೆ. ಟ್ಯೂಬ್ ಕುಗ್ಗಿ ತುದಿಯಲ್ಲಿ ಅಂಟು ತುಸು ಉಕ್ಕಿದರೆ ಸರಿಯಾಯಿತು ಅಂತ. ಎಲ್ಲಾ ಜಾಯಿಂಟನ್ನೂ ನೀರು ಮುಟ್ಟದಷ್ಟು ಮೇಲೆ ಕಟ್ಟಿದೆ. ಫ್ಯೂಸು 5 ಆಂಪ್, ಬಾಕ್ಸ್ ಮೇಲೆ ಬರೆದಿರುವಷ್ಟೇ.

ಪಂಪಿನ ಬುಡ ಕೂರಿಸುವಾಗ ಉದ್ದ ಸ್ಕ್ರೂ ಕೊಟ್ಟ ಭಾಮೈದ. ಕೆಳಗೆ ಮರದ ಪಟ್ಟಿ ಅರ್ಧ ಇಂಚು ಕೂಡ ಇಲ್ಲ, ಅದರ ಕೆಳಗೆ ಕಾವೇರಿ. ವಾಪಸ್ ಕೊಟ್ಟು 10 ಮಿ.ಮೀ. ಸ್ಟೀಲ್ ಸ್ಕ್ರೂ ಹಾಕಿದೆ.

ಒಂದು ಗಂಟೆಗೆ ಟ್ರಯಲ್. ನಾಲ್ಕು ಬಕೆಟ್ ನೀರು ಸುರಿದೆವು. ಫ್ಲೋಟ್ ಎದ್ದಿತು. ಗುಂಯ್ ಅಂತ ಶಬ್ದ ಬಂತು. ನೀರು ಬರಲಿಲ್ಲ.

ತಾತ ಏನೂ ಹೇಳಲಿಲ್ಲ, ಅದೇ ಕಷ್ಟ. ಬಗ್ಗಿ ನೋಡಿದೆ. ಪೈಪನ್ನು ಉದ್ದ ಬಿಟ್ಟಿದ್ದೆ, ನಡುವೆ ಜೋಕಾಲಿ ಥರ ಜೋತುಬಿದ್ದಿತ್ತು. ಅಲ್ಲಿ ನಿಂತ ನೀರಿಗೂ ಪಂಪಿಗೂ ನಡುವೆ ಗಾಳಿ ಸಿಕ್ಕಿಕೊಂಡಿದೆ. ಏರ್‌ಲಾಕ್. ದಿನಾ ಬೇರೆಯವರ ತೋಟದಲ್ಲಿ ಬಿಡಿಸುವ ಏರ್‌ಲಾಕ್! ಪೈಪು ಒಂದೂವರೆ ಅಡಿ ಕತ್ತರಿಸಿ, ಪಂಪಿನಿಂದ ಔಟ್‌ಲೆಟ್‌ವರೆಗೆ ಏರುತ್ತಲೇ ಹೋಗುವ ಹಾಗೆ ಕ್ಲಿಪ್ ಹಾಕಿದೆ. ಸ್ವಿಚ್ ಒತ್ತಿದ ತಕ್ಷಣ ಒಮ್ಮೆ ಕೆಮ್ಮಿ, ಗೊಳಕ್ ಅಂದು, ಹಿಂದಿನಿಂದ ನೀರು ಬಿಲ್ಲಿನ ಹಾಗೆ ಚಿಮ್ಮಿತು.

20 ಲೀಟರಿನ ಕ್ಯಾನ್ ಹಿಡಿದು ಮೊಬೈಲಿನಲ್ಲಿ ಟೈಮ್ ನೋಡಿದೆ. 28 ಸೆಕೆಂಡ್. ಗಂಟೆಗೆ ಎರಡೂವರೆ ಸಾವಿರ ಲೀಟರ್ ಚಿಲ್ಲರೆ. ಬಾಕ್ಸ್ ಮೇಲಿನ 4100 ಎಲ್ಲಿ ಹೋಯಿತು ಅಂದ ಭಾಮೈದ. ಅದು ಹೆಡ್, ಅಂದರೆ ನೀರು ಎತ್ತುವ ಎತ್ತರ, ಸೊನ್ನೆ ಇದ್ದಾಗ, ಎಂಜಿನ್ ಓಡಿ ಬ್ಯಾಟರಿ ಚಾರ್ಜ್ ಆಗುತ್ತಿರುವಾಗಿನ ಲೆಕ್ಕ. ಮೂರು ಅಡಿ ಮೇಲೆತ್ತಿ, ಪೈಪಿನ ತಿರುವು ದಾಟಿಸಿದರೆ ಇಷ್ಟೇ ಬರೋದು. ಈ ದೋಣಿಗೆ ಧಾರಾಳ ಆಯಿತು. 50 ಮಿ.ಮೀ. ಮಳೆ ಹೊಯ್ದರೂ ಇದರೊಳಗೆ ಬೀಳುವುದು 300 ಲೀಟರ್, ಏಳು ನಿಮಿಷದ ಕೆಲಸ. ಹಾಗಂತ ತಳಕ್ಕೆ ಕಲ್ಲು ಬಡಿದು ಒಂದು ಇಂಚಿನ ತೂತು ಬಿದ್ದರೆ? ನೀರಿನ ಮಟ್ಟದಿಂದ ಒಂದು ಅಡಿ ಕೆಳಗಿನ ಅಂಥ ತೂತಿನಿಂದ ಗಂಟೆಗೆ ಹತ್ತಿರ ಹತ್ತಿರ ಈ ಪಂಪು ಹೊರಗೆ ಹಾಕುವಷ್ಟೇ ನೀರು ಒಳಗೆ ಬರುತ್ತದೆ. ಅರ್ಧ ಕತ್ತರಿಸಿದ ಎಣ್ಣೆ ಕ್ಯಾನನ್ನು ಎಸೆಯೋಕೆ ಹೋಗಿದ್ದ, ದೋಣಿಯಲ್ಲೇ ಇಡು ಅಂದೆ.

ತಾತ ಎದ್ದು ಟವೆಲ್ ಕೊಡವಿದರು. "ನಮ್ಮ ಹರಿಗೋಲು ನೀರು ಕುಡುದ್ರೆ ದಡಕ್ಕೆಳೆದು ಬೋರಲಾಕ್ತಿದ್ವಿ. ಆಯ್ತು." ಹೋಗುವ ಮುಂಚೆ ಇನ್ನೊಂದು ಸಲ ಸ್ವಿಚ್ ಒತ್ತಿಸಿ ನೀರು ಚಿಮ್ಮುವುದನ್ನು ನೋಡಿದರು.

ಮಧ್ಯಾಹ್ನ ಅತ್ತೆ ಹಬ್ಬದ ಒಬ್ಬಟ್ಟು ಬಿಸಿ ಮಾಡಿ ಬಡಿಸಿದರು. ಶ್ರಾವಣ, ಮೀನಿನ ಸುದ್ದಿ ಇಲ್ಲ. "ಆ ಬಿಲ್ಲು ಸರಿಯಾಯ್ತಾ?" ಅಂತ ಕೇಳಿದರು. ಆಯ್ತು ಅಂದೆ. ಚಿನಕುರಳಿ, ಪಾಂಡವಪುರ ದಾಟಿ ಮಂಡ್ಯಕ್ಕೆ ಬರುವಾಗ ನಾಲೆ ಬಯಲಿನಲ್ಲಿ ನಾಟಿ ಜೋರಾಗಿ ನಡೆದಿತ್ತು. ಮನೆಗೆ ಹೋಗುವ ಮುಂಚೆ ಅಂಗಡಿ ಬಾಗಿಲು ತೆಗೆದು ಬೋರ್ಡಿಗೆ ಸರಿಯಾದ ಫ್ಯೂಸ್ ವೈರ್ ಹಾಕಿದೆ. ಯಾರೂ ನೋಡಲಿಲ್ಲ, ಭಾನುವಾರ.

ರಾತ್ರಿ ಒಂಬತ್ತೂಕಾಲಿಗೆ ಫೋನ್ ಬಂತು. ಹಿಂದೆ ಮಳೆ ಸದ್ದು.

"ಭಾವ, ಕೇಳುಸ್ಕಳಿ."

ಫೋನನ್ನು ದೋಣಿಯ ಹಿಂಭಾಗಕ್ಕೆ ಹಿಡಿದಿದ್ದ ಅನಿಸುತ್ತೆ. ಮೊದಲು ಬರೀ ಮಳೆ. ಆಮೇಲೆ ಗುಂಯ್, ನೀರು ನೀರಿಗೆ ಬೀಳುವ ಶಬ್ದ. ಒಂದು ನಿಮಿಷಕ್ಕೆ ತಾನೇ ನಿಂತಿತು.

"ಸ್ಪೇರ್ ಫ್ಯೂಸ್ ಎಲ್ಲಿಟ್ಟೆ?"

"ಬ್ಯಾಟ್ರಿ ಪೆಟ್ಗೇಲಿ. ಐದವೆ. ಎಣಿಸ್ಲಾ?"

ಬೇಡ, ಮಳೆಯಲ್ಲಿ ನೆನೀಬೇಡ, ಮನೆಗೆ ಹೋಗು ಅಂದೆ.