ಆಕಳಿಕೆ

14 ಅಕ್ಟೋಬರ್ 2025, ಮಂಗಳವಾರ, ರಾತ್ರಿ 11.40

ಇವತ್ತು ರೆಕಾರ್ಡಿಂಗ್ ಕೇಳ್ತಾ ಕೇಳ್ತಾ ಆಕಳಿಸಿಬಿಟ್ಟೆ. ಅದೂ ಎಲ್ಲಿ, ಲಾರಿ ಲೈಟು ಕಣ್ಣಿಗೆ ಹೊಡೆಯೋ ಜಾಗದಲ್ಲಿ. ಥಟ್ಟನೆ ಬಾಯಿ ಮುಚ್ಕೊಂಡು, ಯಾರಾದ್ರೂ ನೋಡಿದ್ರಾ ಅಂತ ಬಾಗಿಲ ಕಡೆ ನೋಡ್ದೆ. ರೂಮಲ್ಲಿ ನಾನೊಬ್ಬಳೇ. ಸತ್ತವರ ಮನೇಲಿ ಜೋರಾಗಿ ನಕ್ಕು ಸಿಕ್ಕಿಬಿದ್ದಂಗೆ ಆಯ್ತು.

ಎರಡು ವರ್ಷದ ಹಿಂದೆ ನಮ್ಮ ಕಾರು ಆಕ್ಸಿಡೆಂಟ್ ಆಯ್ತು, ಜೊತೇಲಿದ್ದೋಳು ಹೋದ್ಲು, ನಾನು ಉಳ್ಕೊಂಡೆ. ಆಮೇಲೆ ನಂಗೆ ಬಂದಿದ್ದು ಪಿಟಿಎಸ್‌ಡಿ, ಅಂದ್ರೆ ಆಘಾತ ಆದ್ಮೇಲೂ ಬಿಡದೇ ಕಾಡೋ ಮನಸ್ಸಿನ ಕಾಯಿಲೆ. ಅದರ ಚಿಕಿತ್ಸೆಯ ಹೋಮ್‌ವರ್ಕ್ ಇದು. ವಾರಕ್ಕೊಂದು ಸಲ ಒಂದೂವರೆ ಗಂಟೆ ಚಿಕಿತ್ಸೆ ಕೊಡೋ ಮೇಡಂ ಮುಂದೆ ಕಣ್ಮುಚ್ಚಿ ಕೂತು ಆ ರಾತ್ರಿನ ಹೇಳ್ಬೇಕು, "ಹೋದ್ವಿ, ಬಂದ್ವಿ" ಅಂತಲ್ಲ, "ಹೋಗ್ತಾ ಇದೀವಿ, ಮಳೆ ಬರ್ತಾ ಇದೆ" ಅಂತ, ಈಗ ನಡೀತಾ ಇರೋ ಥರ. ಅದು ಫೋನಲ್ಲಿ ರೆಕಾರ್ಡ್ ಆಗುತ್ತೆ, ಮನೇಲಿ ದಿನಾ ಕೇಳ್ಬೇಕು. ಕೇಳೋಕೆ ಮುಂಚೆ ಎಷ್ಟು ಭಯ, ಕೇಳ್ವಾಗ ಜಾಸ್ತಿ ಅಂದ್ರೆ ಎಷ್ಟು, ಮುಗಿದ ಮೇಲೆ ಎಷ್ಟು, 0ಯಿಂದ 100ರೊಳಗೆ ನಂಬರ್ ಹಾಕ್ಬೇಕು. ಮೊದಲ ವಾರದ ಪುಟ ನೋಡಿದ್ರೆ ನಗು ಬರುತ್ತೆ, ಎಲ್ಲಾ 95, 100, ಒಂದು ದಿನ 120 ಅಂತ ಗೀಚಿದೀನಿ. ಇವತ್ತು 40.

40 ಅಂದ್ರೆ ಖುಷಿ ಪಡ್ಬೇಕು. ಆದ್ರೆ ಮೊದಲು ಬಂದಿದ್ದು ಅನುಮಾನ. ಇದು ನಿಜವಾಗ್ಲೂ ಭಯ ಇಳಿದಿರೋದಾ ಇಲ್ಲ ಮರಗಟ್ಟಿರೋದಾ? ಯಾಕಂದ್ರೆ ಆಕ್ಸಿಡೆಂಟ್ ಆದ ಮೇಲೆ ಒಂದು ಆರು ತಿಂಗಳು ನಾನು ಹಾಗೇ ಇದ್ದೆ, ಯಾರು ಅತ್ರೂ ಯಾರು ನಕ್ರೂ ನಂಗೇನೂ ಅನ್ನಿಸ್ತಾ ಇರ್ಲಿಲ್ಲ, ಎಲ್ರೂ "ಎಷ್ಟು ಗಟ್ಟಿಗಿತ್ತಿ" ಅಂತಿದ್ರು. ಅದೂ ಈ ಕಾಯಿಲೆಯದ್ದೇ ಒಂದು ಲಕ್ಷಣ ಅಂತ ಗೊತ್ತಾಗಿದ್ದು ಆಮೇಲೆ. ಮರಗಟ್ಟಿದಾಗ ಕೈ ತಣ್ಣಗಾಗುತ್ತೆ, ನನ್ನ ದನಿ ಬೇರೆ ಯಾರದ್ದೋ ಅನ್ಸುತ್ತೆ. ಇವತ್ತು ಹಾಗಿರ್ಲಿಲ್ಲ. ಸುಮ್ನೆ ಬೋರ್ ಆಯ್ತು. ಹನ್ನೊಂದನೇ ಸಲ ಕೇಳಿದ್ರೆ ಯಾವ ಕಥೆ ಬೋರ್ ಆಗಲ್ಲ ಹೇಳಿ.

ಅಷ್ಟರಲ್ಲಿ ಅಕ್ಕನ ಫೋನು.

"ಏನ್ಮಾಡ್ತಿದೀಯೇ?"

"ಅದೇ, ಕೇಳ್ತಾ ಇದ್ದೆ."

"ಇನ್ನೂ ಅದನ್ನೇ ಕೆದಕ್ತಾ ಕೂತಿದೀಯಾ? ಎರಡು ವರ್ಷ ಆಯ್ತು ಕಣೇ. ಒಂದು ನಿದ್ದೆ ಮಾತ್ರೆ ಬರ್ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಆ ಡಾಕ್ಟ್ರು?"

ಅಕ್ಕಂಗೆ ಬೈಯೋ ಹಾಗಿಲ್ಲ. ಮೊದಲ ತಿಂಗಳು ಪೂರ್ತಿ ಲೈಟ್ ಹಾಕ್ಕೊಂಡು ನನ್ನ ಪಕ್ಕ ಮಲಗಿದ್ದೋಳು ಅವಳೇ. ನಿದ್ದೆ ಮಾತ್ರೆ ನಾನೂ ಕೇಳಿದ್ದೆ, ಡಾಕ್ಟ್ರು ಒಪ್ಪಲಿಲ್ಲ, ಆ ಥರದ ಮಾತ್ರೆ ಈ ಕಾಯಿಲೆ ವಾಸಿ ಮಾಡಲ್ಲ, ಅಭ್ಯಾಸ ಆಗ್ಬಿಡುತ್ತೆ ಅಂದ್ರು. ಖಿನ್ನತೆಗೂ ಕೊಡೋ ಸರ್ಟ್ರಲೀನ್ ಅನ್ನೋ ಮಾತ್ರೆ ಕೊಟ್ರು, ಅದು ಕೆಲಸ ಶುರು ಮಾಡೋಕೇ ವಾರಗಟ್ಟಲೆ ಬೇಕು. ಇದನ್ನೆಲ್ಲ ಅಕ್ಕಂಗೆ ಹತ್ತು ಸಲ ಹೇಳಿದೀನಿ. ಭಾವ ಅಂತೂ ಇದು ಈಗಿನ ಕಾಲದ ಫ್ಯಾಷನ್ ಕಾಯಿಲೆ ಅನ್ನೋರು. ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದಿದ್ದೇ 1980ರಲ್ಲಿ, ನೀವು ಶಾಲೆಗೆ ಸೇರೋಕೂ ಮುಂಚೆ, ಅದಕ್ಕೂ ಹಿಂದೆ 1915ರಲ್ಲೇ ಮೊದಲ ಮಹಾಯುದ್ಧದ ಸೈನಿಕರನ್ನ ನೋಡಿ ಚಾರ್ಲ್ಸ್ ಮೈಯರ್ಸ್ ಅನ್ನೋ ಡಾಕ್ಟ್ರು ಇಂಥದ್ದನ್ನೇ ಶೆಲ್ ಶಾಕ್ ಅಂತ ಬರೆದಿದ್ರು ಅಂತ ಒಂದ್ಸಲ ಪಾಠ ಒಪ್ಪಿಸಿದ್ದೆ. "ಅವರು ಯುದ್ಧಕ್ಕೆ ಹೋಗಿದ್ರು, ನೀನು ಕಾರಲ್ಲಿ ಹೋಗಿದ್ದೆ" ಅಂದ್ರು. ಮುಗೀತು.

ಆದ್ರೆ ಇವತ್ತು ಅಕ್ಕ ಒಂದು ಮಾತು ಕೇಳಿದ್ಳು. "ನಿಜ ಹೇಳು, ನಿಂಗೆ ಬೇಕಾಗಿರೋದು ಮರೆಯೋದಾ, ನೆನಪಿಟ್ಕೊಳ್ಳೋದಾ?"

ನಂಗೆ ಉತ್ತರ ಬರ್ಲಿಲ್ಲ. ಇಟ್ಟ ಮೇಲೆ ಬಂತು, ಯಾವಾಗ್ಲೂ ಹಾಗೇ. ನಂಗೆ ಅದು ನೆನಪು ಆಗ್ಬೇಕು ಅಷ್ಟೇ. ಇಷ್ಟು ದಿನ ಅದು ನೆನಪೇ ಆಗಿರ್ಲಿಲ್ಲ. ಮದುವೆ ದಿನ ನೆನಪಾದ್ರೆ ನಾನೇನು ಮತ್ತೆ ಮಂಟಪದಲ್ಲಿ ಕೂತಿರಲ್ಲ, ಇದು ಹಾಗಲ್ಲ, ಯಾರೋ ಜೋರಾಗಿ ಬ್ರೇಕ್ ಹಾಕಿದ್ರೂ ಸಾಕು ನಾನು ಅಲ್ಲೇ ಇರ್ತೀನಿ, ಸೀಟಿನ ಕೆಳಗೆ, ಬಾಯಲ್ಲಿ ರಕ್ತದ ರುಚಿ ಸಮೇತ. ಮಿದುಳಲ್ಲಿ ಅಪಾಯದ ಗಂಟೆ ಬಾರಿಸೋ ಅಮಿಗ್ಡಲ ಅನ್ನೋದು ಒಂದು, ಯಾವುದು ಯಾವಾಗ ಎಲ್ಲಿ ಆಯ್ತು ಅಂತ ಜೋಡಿಸಿಡೋ ಹಿಪ್ಪೊಕ್ಯಾಂಪಸ್ ಅನ್ನೋದು ಇನ್ನೊಂದು. ಗಂಟೆ ಕಿವಿಗಡಚಿಕ್ಕೋ ಹಾಗೆ ಹೊಡ್ಕೊಳ್ವಾಗ ಜೋಡಿಸೋ ಕೆಲಸ ಸರಿಯಾಗಿ ಆಗಲ್ಲ ಅಂತ ಮೇಡಂ ಹೇಳಿದ್ರು. ತಾರೀಕು ಬೀಳದೇ ಉಳ್ಕೊಂಡಿದ್ದಕ್ಕೆ ಅದು ಇನ್ನೂ "ಈಗ". ನಾನು ಪ್ರತಿ ಸಲ ತಪ್ಪಿಸ್ಕೊಂಡು ಓಡಿದಾಗ್ಲೂ, ನೋಡು ಓಡಿದ್ದಕ್ಕೇ ಬದುಕಿದೆ ಅಂತ ಭಯಕ್ಕೆ ಇನ್ನೊಂದು ಸಾಕ್ಷಿ. ಆ ರಸ್ತೆ ಬಿಟ್ಟೆ, ಆಮೇಲೆ ಕಾರು ಬಿಟ್ಟೆ, ಆಮೇಲೆ ಮಳೆಗಾಲದಲ್ಲಿ ಹೊರಗೆ ಹೋಗೋದೇ ಬಿಟ್ಟೆ.

ಎಲ್ರಿಗೂ ಹೀಗಾಗಲ್ವಂತೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಇಂಥ ಆಘಾತ ಬದುಕಲ್ಲಿ ಸುಮಾರು 70% ಜನಕ್ಕೆ ಆಗುತ್ತೆ, ಪಿಟಿಎಸ್‌ಡಿ ಆಗೋದು ಒಟ್ಟು ಜನರಲ್ಲಿ 3.9% ಮಂದಿಗೆ. ಪರೀಕ್ಷೇಲಿ ಯಾವತ್ತೂ ಈ ಥರ ರ‍್ಯಾಂಕ್ ಬಂದಿರ್ಲಿಲ್ಲ ನಂಗೆ.

ಸರಿ, ಬರೀಬೇಕಾಗಿದ್ದು ಇದಲ್ಲ.

ಆಕಳಿಸಿದೆ ಅಂತ ನಾಚ್ಕೆಯಾಗಿ, ಶಿಕ್ಷೆ ಥರ ರೆಕಾರ್ಡಿಂಗ್ ಮೊದಲಿಂದ ಹಾಕ್ದೆ. ಶುರುವಲ್ಲೇ ನನ್ನ ದನಿ ಹೇಳುತ್ತೆ: "ನಾನು ಮುಂದೆ ಕೂತಿದೀನಿ. ಆಕಳಿಸ್ತೀನಿ. ಅವಳು ನಗ್ತಾಳೆ. ಹಿಂದೆ ಹೋಗಿ ಬಿದ್ಕೋ, ನಾನು ಮುಂದೆ ಬರ್ತೀನಿ ಅಂತಾಳೆ."

ನಿಲ್ಲಿಸ್ದೆ. ಮತ್ತೆ ಹಾಕ್ದೆ. ಮತ್ತೆ.

ಎರಡು ವರ್ಷದಿಂದ ನಾನು ಎಲ್ರಿಗೂ, ಅವಳ ಅಮ್ಮಂಗೂ, ಪೊಲೀಸ್ನೋರಿಗೂ ಹೇಳಿದ್ದು ಒಂದೇ, ಸೀಟು ಬದಲಾಯಿಸು ಅಂದೋಳು ನಾನು. ರಾತ್ರಿ ಎರಡು ಗಂಟೆಗೆ ನಂಗೆ ನಾನೇ ಹೇಳ್ಕೊಂಡಿದ್ದೂ ಅದೇ. ಹನ್ನೊಂದು ದಿನ ಕಿವಿಗೆ ಇಟ್ಕೊಂಡು ಕೇಳಿದ್ರೂ ಈ ಸಾಲು ಕೇಳ್ಸಿರ್ಲಿಲ್ಲ, ಲೈಟು ಬರುತ್ತೆ ಲೈಟು ಬರುತ್ತೆ ಅಂತ ಕಾಯೋದ್ರಲ್ಲೇ ಇರ್ತಿದ್ದೆ. ಹೇಳಿದ್ದು ಅವಳು. ನಗ್ತಾ ಹೇಳಿದ್ದು. ಅವಳ ಆ ನಗು ಕೂಡ ಎರಡು ವರ್ಷ ನಂಗೆ ಸಿಕ್ಕಿರ್ಲಿಲ್ಲ.

ಸಮಾಧಾನ ಆಗ್ಬೇಕಿತ್ತು. ಆಗ್ಲಿಲ್ಲ, ಕೋಪ ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ತಪ್ಪು ನಂದು ಅನ್ನೋದಾದ್ರೂ ಕೈಲಿತ್ತು, ಅದನ್ನ ಹಿಡ್ಕೊಂಡೇ ಅವಳ ಜೊತೆ ಇದ್ದಂಗಿತ್ತು. ಈಗ ಅದೂ ಬಿಟ್ರೆ, ಆಕಳಿಸೋಕೂ ಶುರುವಾದ್ರೆ, ಅವಳು ಪೂರ್ತಿ ಹೋದಂಗೇ ಅಲ್ವಾ. ಹುಷಾರಾಗೋದು ಅಂದ್ರೆ ಇದೇನಾ? ಗುರುವಾರ ಮೇಡಂಗೆ ಹೇಳ್ಬೇಕು. ಹೇಳ್ತೀನೋ ಇಲ್ವೋ.

ನಾಳೆದು ಇನ್ನೊಂದು ಹೋಮ್‌ವರ್ಕು, ಎಂಜಿನ್ ಆಫ್ ಮಾಡಿರೋ ಕಾರಲ್ಲಿ ಭಯ ಇಳಿಯೋವರೆಗೂ ಕೂರೋದು. ಹಿಂದಿನ ಸೀಟು ಆಯ್ತು, ಅದಕ್ಕೆ 50 ಹಾಕಿದ್ದೆ. ಮುಂದಿನ ಸೀಟು 80. ಎಡಗಡೆದು, ಅವಳು ಕೂತಿದ್ದು. ಅಕ್ಕ ತಾನೂ ಬರ್ತೀನಿ ಅಂದಿದಾಳೆ, ಬೇಡ ಅಂದಿದೀನಿ, ಆದ್ರೆ ಈಗ ಅನ್ನಿಸ್ತಿದೆ ಅವಳು ಬಂದು ಹಿಂದೆ ಕೂತ್ರೆ